ನಮ್ಮವರ ಕಣ್ಣಿನ ಪಥ್ಯ

ಕಣ್ಣಿನ ಪೊರೆ ತೆಗೆಸಿದರೆ ಗಂಡನೇ ತೂರಾಡತೊಡಗುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೆಟಗೇರಿಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿರುವ ನಮ್ಮ ಇಸ್ಮಾಯಿಲಸಾಬರು ಗದಗಿನ ಆಸ್ಪತ್ರೆಯಿಂದ ಕರಿ ಚಷ್ಮಾ ಹಾಕಿಕೊಂಡು ಹೀರೋ ಥರ ಬಂದಿದ್ದರು. ವಾರದೊಳಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಸ್ಥಿತಿ.

"ತೆಲಿ ತಿರಗಾಕತ್ತೈತಿ, ರಹಿಮತಾ. ಕೈಕಾಲಾಗ ಶಕ್ತೀನ ಇಲ್ಲ."

ಆರೈಕೆಯಲ್ಲಿ ನಾನೇನೂ ಕಡಿಮೆ ಮಾಡಿರಲಿಲ್ಲ. ಆಪರೇಷನ್ ಆದವರನ್ನು ಮಾತಾಡಿಸಲು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಬ್ರೆಡ್ಡು, ಒಂದು ಪಥ್ಯ ತರುತ್ತಾರೆ. ಪಕ್ಕದ ಮನೆಯ ಫಕ್ಕೀರವ್ವ, "ಬದನಿಕಾಯಿ ನಂಜು, ಮುಟ್ಟಸಬ್ಯಾಡ" ಎಂದಳು. ಲಕ್ಷ್ಮೇಶ್ವರದ ನಾದಿನಿ ಶಕೀಲ, "ಭಾಭಿ, ತತ್ತಿ, ಮಟನ್ ಕೊಟ್ಟೀರಿ ಮತ್ತ! ಕಣ್ಣು ಕೀವಾಗತೈತಿ" ಎಂದು ಅವತ್ತಿನ ಮಟನ್ ತಾನೇ ಮುಗಿಸಿ ಅಣ್ಣನ ಕಣ್ಣು ಉಳಿಸಿದಳು. ಮುಂಡರಗಿಯಿಂದ ಹತ್ತಿ ಕಳಿಸುವ ಚನ್ನಬಸವಣ್ಣನವರು ಎಲ್ಲರನ್ನೂ ಮೀರಿಸಿದರು: "ಉಪ್ಪು ಬಂದ್ ಮಾಡ್ರಿ. ಉಪ್ಪಿಗೆ ಹೊಲಿಗಿ ಕೊಳೀತಾವ." ಗಾದಿಯವರ ಮನೆಯಲ್ಲಿ ಹೊಲಿಗೆಯ ಮಾತು ತೆಗೆದುಹಾಕಲು ಬರುತ್ತದೆಯೇ? ಬಂದ್ ಮಾಡಿದೆ.

ಉಳಿದದ್ದು ಸಪ್ಪನೆಯ ಗಂಜಿ. (ಬಂದ ಬ್ರೆಡ್ಡು, ಬಾಳೆಹಣ್ಣು ಕೆಡಬಾರದಲ್ಲ, ಆ ಜವಾಬ್ದಾರಿ ನಾನು ಹೊತ್ತೆ. ಜೊತೆಗೆ ಒಂದಿಷ್ಟು ಮಿರ್ಚಿ ಭಜಿ.)

"ನಾಲಿಗಿಗೆ ಒಂದ ಚೂರು ಉಪ್ಪಿನಕಾಯಿ ಹಚ್ಚ."

"ಕಣ್ಣ ಬೇಕೋ ಉಪ್ಪಿನಕಾಯಿ ಬೇಕೋ ಹೇಳ್ರಿ!"

"ಉಪ್ಪಿನಕಾಯಿ," ಎಂದರು. ಕಾಯಿಲೆ ತಲೆಗೇರಿದೆ ಎಂದುಕೊಂಡೆ.

ಶುಕ್ರವಾರ ನಮಾಜಿಗೆ ಹೊರಟವರು ಹೊಸ್ತಿಲಲ್ಲೇ ಕುಸಿದರು. ಮೈಯೆಲ್ಲ ತಣ್ಣಗೆ. ಇಷ್ಟು ವರ್ಷ ಎದುರು ಮಾತಾಡಿದ ಮನುಷ್ಯ ಕರೆದರೂ ಓಗೊಡುತ್ತಿಲ್ಲ! ಅಳುತ್ತಲೇ ಆಟೋದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜು ಗುದ್ದಿದೆ.

"ಏನ್ ಹಾಕೀರಿ ಇವರ ಕಣ್ಣಾಗ? ಪೊರಿ ತಗೀರಿ ಅಂದ್ರ ಜೀವಾನ ತಗಿಯಾಕ ಹೊಂಟೀರಿ!"

ಡಾಕ್ಟರ್ ಸಮಾಧಾನದಿಂದ ಪರೀಕ್ಷೆ ಮಾಡಿದರು. "ಕಣ್ಣು ಛಲೋ ಐತಿ. ಬಿಪಿ ಪಾತಾಳಕ್ಕ ಇಳದೈತಿ. ಬಿಪಿ ಗುಳಿಗಿ ತೊಗೋತಾರೇನು?"

"ಒಂದ ದಿನಾನೂ ತಪ್ಪಿಸಿಲ್ರಿ!"

"ಊಟ?"

ನಾನು ಎದೆಯುಬ್ಬಿಸಿ ಪಥ್ಯವನ್ನೆಲ್ಲ ಒಪ್ಪಿಸಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಉಪ್ಪು ಬಿಡಿಸಿ, ಉಪಾಸ ಕೆಡವಿ, ಮ್ಯಾಲೆ ಬಿಪಿ ಗುಳಿಗಿ ನುಂಗಿಸಿದ್ರ ತೆಲಿ ತಿರಗದ ಏನ್ ಮಾಡೀತವ್ವಾ?"

"ಹೊಲಿಗಿ ಕೊಳೀತಾವಂತ..."

"ನಾ ಹೊಲಿಗೀನ ಹಾಕಿಲ್ಲ!"

ಇವರನ್ನು ಮೇಲಕ್ಕೆ ಕಳಿಸಲು ಹೊರಟವಳು ನಾನೇ! ಸಲೈನ್ ಇಳಿದು ಅವರ ಮುಖಕ್ಕೆ ಕಳೆ ಬರುವವರೆಗೆ ಮಂಚದ ಪಕ್ಕ ಕುಳಿತು ಬಿಕ್ಕಳಿಸಿದೆ. ಬೆವರಿ ಕೆಂಪಾಗಿದ್ದ ನನ್ನನ್ನು ನೋಡಿ ನರ್ಸಮ್ಮ ನನ್ನ ತೋಳಿಗೂ ಬಿಪಿ ಪಟ್ಟಿ ಸುತ್ತಿದಳು. ಗಾಳಿ ಹಾಕಿದಳು, ನೋಡಿದಳು, ಮತ್ತೊಮ್ಮೆ ಹಾಕಿದಳು. ಆಮೇಲೆ ಓಡಿಹೋಗಿ ಡಾಕ್ಟರನ್ನೇ ಕರೆತಂದಳು.

"ನಿಮ್ಮ ಬಿಪಿ ಮುಗಿಲಿಗೇರೈತಿ. ಉಪ್ಪು ಬಿಡಬೇಕಾದವರು ಇವರಲ್ಲ, ನೀವು," ಎಂದರು ಡಾಕ್ಟರ್. "ಉಪ್ಪಿನಕಾಯಿ, ಮಿರ್ಚಿ, ಮಟನ್, ಎಲ್ಲಾ ಬಂದ್."

ನನಗೆ ಕಣ್ಣು ಕತ್ತಲೆ ಬಂತು. ನಮ್ಮವರು ಮಾತ್ರ ಯಾರ ಆಸರೆಯೂ ಇಲ್ಲದೆ ಮಂಚದ ಮೇಲೆ ಎದ್ದು ಕುಳಿತರು.

"ಕಾಳಜಿ ಮಾಡಬ್ಯಾಡ್ರಿ ಡಾಕ್ಟರ," ಎಂದರು, "ಸಪ್ಪನ ಗಂಜಿ ಹೆಂಗ ಮಾಡೂದಂತ ಹೊಸಾ ಕಣ್ಣಲೆ ನೋಡಿ ಕಲತೀನಿ."