ಆವತ್ತು ಆಡಿದವರು ಯಾರು

ದಂತಶಿಲ್ಪಿಗೆ ಬಂದ ದುಃಖ ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಹಲ್ಲುನೋವಾದರೆ ಕೆನ್ನೆ ಹಿಡಿದುಕೊಂಡು ಓಡಾಡಬಹುದು, ನೋಡಿದವರು ಅಯ್ಯೋ ಪಾಪ ಅನ್ನುತ್ತಾರೆ. ಐವತ್ತೆರಡು ವರ್ಷದ ಗಂಡಸು, ಮೊಬೈಲ್ ಆಟದಲ್ಲಿ ತನ್ನನ್ನು ಎಲ್ಲರೂ ‘ಅತ್ತಿಗೆ’ ಎಂದು ಕರೆಯುತ್ತಾರೆಂದು ಯಾರ ಹತ್ತಿರ ಹೋಗಿ ಅಳಬೇಕು?

ದಂತಶಿಲ್ಪಿ ಅನ್ನುವುದು ಅವನು ತನಗೆ ತಾನೇ ದಯಪಾಲಿಸಿಕೊಂಡ ಬಿರುದು. (ಬಾಗಿಲ ಮೇಲಿನ ಬೋರ್ಡಿನಲ್ಲಿರುವುದು ‘ಇಲ್ಲಿ ಹಲ್ಲಿನ ಸೆಟ್ ಮಾಡಿಕೊಡಲಾಗುವುದು’ ಎಂದಷ್ಟೇ.) ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ. ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಗುಲಾಬಿ ಬಣ್ಣದ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾನೆ. ಊರವರಿಗೆಲ್ಲ ನಗು ತಯಾರಿಸುವ ಆ ಕೋಣೆಯಲ್ಲಿ, ಮೇಜಿನ ಮೇಲೆ ಸಾಲಾಗಿಟ್ಟ ಸೆಟ್ಟುಗಳನ್ನು ಬಿಟ್ಟರೆ, ನಗುವವರು ಯಾರೂ ಇರಲಿಲ್ಲ.

ಹೆಂಡತಿ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಹದಿನೆಂಟು ಪ್ಲಾಟ್‌ಫಾರಂಗಳಲ್ಲಿ ಯಾವುದರಿಂದ ಎಂದು ಹೇಳುತ್ತಲೇ ಇರುವುದು ಅವಳ ಕೆಲಸ. ಮನೆಗೆ ಬರುವಷ್ಟರಲ್ಲಿ ಗಂಟಲು ಬತ್ತಿರುತ್ತಿತ್ತು. ಊಟಕ್ಕೆ ಕರೆದರೆ ತಲೆಯಾಡಿಸುವಳು, ಜಗಳಕ್ಕೆ ಕರೆದರೆ ಅದೂ ಇಲ್ಲ. ಮದುವೆಯಾದ ಹೊಸದರಲ್ಲಿ ಆ ದನಿಗೇ ಮರುಳಾಗಿದ್ದ ಶಿಲ್ಪಿ ಈಗ ಅದನ್ನು ಕೇಳಬೇಕೆಂದರೆ ಬಸ್ ನಿಲ್ದಾಣಕ್ಕೇ ಹೋಗಬೇಕಿತ್ತು.

ಈ ಮೌನದಿಂದ ತಪ್ಪಿಸಿಕೊಳ್ಳಲೆಂದೇ ಅವನು ಯುದ್ಧಕ್ಕೆ ಇಳಿದದ್ದು. ಐದೈದು ಜನರ ಎರಡು ತಂಡ, ಒಂದು ಪಾಳು ಪಟ್ಟಣ, ಕೈಗೊಂದು ಬಂದೂಕು. ಆಟದಲ್ಲಿ ಅವನ ಹೆಸರು ‘ಹುಲಿಮೀಸೆ’. (ನಿಜವಾದ ಮೀಸೆ ಮೇಣದ ಒಲೆಯ ಕಿಡಿ ತಗುಲಿ ಸುಟ್ಟಂದಿನಿಂದ ಮತ್ತೆ ಸರಿಯಾಗಿ ಬಂದಿರಲಿಲ್ಲ.) ಹುಲಿಮೀಸೆಯ ಸಾಧನೆಯೆಂದರೆ, ಪ್ರತಿ ಪಂದ್ಯದಲ್ಲೂ ಎಲ್ಲರಿಗಿಂತ ಮೊದಲು ಸಾಯುವುದು.

ಒಂದು ಮಧ್ಯಾಹ್ನ ಆಟದ ನಡುವೆ ಡಾಕ್ಟರ ಕಡೆಯವನು ಬಾಗಿಲು ತಟ್ಟಿದ. ಶಿಲ್ಪಿ ಫೋನನ್ನು ಹೆಂಡತಿಯ ಕೈಗೆ ತುರುಕಿ, “ಹಿಡ್ಕೋ, ಎಲ್ಲಾದ್ರೂ ಬಚ್ಚಿಟ್ಕೊಂಡಿರು ಸಾಕು” ಎಂದು ಓಡಿದ. ಅಚ್ಚು ಇಸಿದುಕೊಂಡು ಬರುವಷ್ಟರಲ್ಲಿ ಎದುರಾಳಿಗಳಲ್ಲಿ ನಾಲ್ವರು ಮಲಗಿದ್ದರು. ಐದನೆಯವನು ಓಡಿಹೋಗಲು ದಾರಿ ಹುಡುಕುತ್ತಿದ್ದ.

“ಹುಲಿಮೀಸೆ ಅಣ್ಣಾ, ಇವತ್ತು ಏನು ತಿಂದು ಬಂದ್ರಿ?” ಎಂದು ಕ್ಯಾಪ್ಟನ್ ಕೂಗಿದ. ತಂಡದ ನಾಯಕನಿಗೆ ಇದ್ದದ್ದು ಅದೊಂದೇ ಹೆಸರು.

ಶಿಲ್ಪಿ ಹೆಂಡತಿಯನ್ನು ಬಾಯಿ ಬಿಟ್ಟುಕೊಂಡು ನೋಡಿದ. “ಇದೆಲ್ಲ ಎಲ್ಲಿ ಕಲಿತೆ?”

“ಕಣ್ಣಿಗೆ ಕಾಣದ ಹದಿನೆಂಟು ಬಸ್ಸು ಎಲ್ಲೆಲ್ಲಿವೆ ಅಂತ ತಲೇಲಿ ಇಟ್ಕೊಳ್ಳೋಳಿಗೆ ಐದು ಜನ ಯಾವ ಲೆಕ್ಕ?” ಅಂದಳು ಅವಳು. ಫೋನು ಅವನ ಕೈಗೆ ವಾಪಸು ಕೊಡುತ್ತ, “ಮುಂಚೆ ನನ್ನ ಹೆಸರಲ್ಲೇ ಆಡ್ತಿದ್ದೆ. ಒಂದಿನ ಮೈಕಲ್ಲಿ ‘ಎಡಗಡೆ ಇಬ್ಬರಿದಾರೆ’ ಅಂತ ಬಾಯಿಬಿಟ್ಟೆ ನೋಡಿ. ಒಬ್ಬ ಮದುವೆ ಆಗಿದ್ಯಾ ಅಂದ. ಇನ್ನೊಬ್ಬ ಪಾತ್ರೆ ತೊಳೆದು ಬಾ ಹೋಗು ಅಂದ. ಮೂರನೆಯವನು ಅಂದದ್ದನ್ನ ನಿಮ್ಮ ಹತ್ರ ಹೇಳೋಕಾಗಲ್ಲ. ಅಲ್ಲಿಗೆ ಬಿಟ್ಟೆ” ಅಂದಳು.

ಶಿಲ್ಪಿ ನಕ್ಕ. ಪಾತ್ರೆಯ ಮಾತಿಗೆ ಅವನಿಗೆ ನಗು ಬಂತು, ಏನು ಮಾಡುವುದು? ಅವಳು ನಗಲಿಲ್ಲ.

ಆದರೂ ಅಂದಿನಿಂದ ದಿನಾ ನಾಲ್ಕು ಗಂಟೆಗೆ ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ಮೈಕ್ ಬಂದ್. ಆಡುವುದು ಅವಳು, ಹೊಗಳಿಕೆ ಬಂದಾಗ ‘ಎಲ್ಲ ನಿಮ್ಮ ಅಭಿಮಾನ’ ಎಂದು ಬರೆದು ಕಳಿಸುವುದು ಅವನು. ಬತ್ತಿದ ಗಂಟಲಿನಲ್ಲೇ ಅವಳು, “ಮಹಡಿ ಮೇಲೆ ಒಬ್ಬ ಇದಾನೆ, ಮೆಟ್ಟಿಲ ಸದ್ದು ಕೇಳ್ತಾ?” ಎಂದು ಪಿಸುಗುಡುವಳು. ಹತ್ತು ವರ್ಷದಲ್ಲಿ ಆಡದಷ್ಟು ಮಾತು ಆ ಬೆಂಚಿನ ಮೇಲೆ ಆಡಿದಳು. ಒಮ್ಮೆ ಗೆದ್ದ ಖುಷಿಯಲ್ಲಿ ಅವನ ಭುಜಕ್ಕೆ ತಲೆಯನ್ನೂ ಒರಗಿಸಿದಳು. ಇದರ ಬೆಲೆ ಆ ಮಹಾಶಯನಿಗೆ ಆಗ ಗೊತ್ತಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹುಲಿಮೀಸೆಯ ಕೀರ್ತಿ ದಿಗಂತ ಮುಟ್ಟಿತು. ತಂಡ ಟೂರ್ನಮೆಂಟಿನ ಫೈನಲ್ ತಲುಪಿತು.

“ಫೈನಲ್ ನಾನೇ ಆಡ್ತೀನಿ” ಅಂದ ಶಿಲ್ಪಿ.

“ಯಾಕೆ?”

“ಎಲ್ಲರೂ ಮೈಕ್ ಹಾಕ್ಕೊಂಡೇ ಆಡ್ಬೇಕಂತೆ, ಕ್ಯಾಪ್ಟನ್ ಹೇಳಿದಾನೆ. ನೀನು ಮಾತಾಡಿದ್ರೆ ಗೊತ್ತಾಗಿಬಿಡತ್ತೆ.”

“ಗೊತ್ತಾದ್ರೆ ಆಗ್ಲಿ. ಇಷ್ಟು ದಿನ ಗೆಲ್ಲಿಸಿದ್ದು ಯಾರು ಅಂತ ಒಂದ್ಸಲ ತಿಳೀಲಿ.”

“ಸುಮ್ನೆ ಯಾಕೆ ಕಣೇ? ನಿನಗೇ ಏನಾದ್ರೂ ಅಂತಾರೆ. ಅದು ಬೇರೆ ನಾನು ಕೇಳ್ಬೇಕಾ?”

ಇದು ಅರ್ಧ ನಿಜ. ಆ ಹೊಗಳಿಕೆಯನ್ನೆಲ್ಲ ಒಮ್ಮೆಯಾದರೂ ತನ್ನ ಸ್ವಂತ ದನಿಯಲ್ಲಿ ಸ್ವೀಕರಿಸಬೇಕೆಂಬ ಚಪಲ ಉಳಿದರ್ಧ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಒಣಗಿದ ಬಟ್ಟೆ ತರಲು ಎದ್ದುಹೋದಳು.

ಫೈನಲ್ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಶಿಲ್ಪಿ ಎಸೆದ ಮೊದಲ ಬಾಂಬು ಗೋಡೆಗೆ ಬಡಿದು ವಾಪಸು ಬಂದು ಸ್ವಪಕ್ಷದ ‘ಕೊಡಲಿ’ ಎಂಬವನನ್ನು ಆಹುತಿ ತೆಗೆದುಕೊಂಡಿತು. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿ ಬಂದೂಕನ್ನೇ ಕೆಳಗೆ ಬಿಸಾಡಿದ. ಎತ್ತಿಕೊಳ್ಳಲು ಹೋಗಿ ಬಾವಿಗೆ ಬಿದ್ದ. ಬಾವಿಯಲ್ಲಿ ಕೂತು, “ಬಂದೆ, ಬಂದೆ” ಎಂದು ಕೂಗುತ್ತಿರುವಾಗಲೇ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸತ್ತರು.

ಆಮೇಲೆ ಕೊಡಲಿ ಕೇಳಿದ: “ಅಣ್ಣಾ, ನಿಜ ಹೇಳಿ. ಫೋನು ಅತ್ತಿಗೆ ಕೈಗೆ ಕೊಟ್ಟಿದ್ರಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಬಾವಿಯಲ್ಲಿದ್ದವನಿಗೆ ಆ ನಗು ಇಳಿಬಿಟ್ಟ ಹಗ್ಗದಂತೆ ಕಂಡಿತು. ಹಿಡಿದೇಬಿಟ್ಟ.

“ಹೂಂ ಕಣೋ. ಯಾರೋ ಬಂದ್ರು ಅಂತ ಒಂದು ಗಳಿಗೆ ಅವಳ ಕೈಗೆ ಕೊಟ್ಟೆ. ಬಂದೆ ಬಂದೆ ಅಂತ ನಾನು ಬಾಗಿಲಿಂದ ಕೂಗಿದ್ದೇ ಬಂತು, ನೋಡಿದ್ರೆ ಹಿಂಗೆ ಮಾಡಿಟ್ಟಿದಾಳೆ!”

“ನಾನು ಆಗ್ಲೇ ಅಂದ್ಕೊಂಡೆ” ಅಂದ ಕ್ಯಾಪ್ಟನ್. “ಹೆಂಗಸರ ಕೈ ಅಂದ್ರೆ ಗೊತ್ತಾಗಿಬಿಡತ್ತೆ.”

ಶಿಲ್ಪಿ ನಗುತ್ತ ತಲೆಯೆತ್ತಿದ. ನಡುಬಾಗಿಲಲ್ಲಿ ಹೆಂಡತಿ ಅವನ ಅಂಗಿ ಮಡಚುತ್ತ ನಿಂತಿದ್ದಳು. ಒಂದು ತೋಳು ಮಡಚಿದ್ದಳು, ಇನ್ನೊಂದು ತೋಳು ಹಾಗೇ ಇತ್ತು. ಅದನ್ನೂ ಮಡಚಿ, ಗುಪ್ಪೆಯ ಮೇಲಿಟ್ಟು, ಒಳಗೆ ಹೋದಳು. ಒಂದು ಪಾತ್ರೆಯಾದರೂ ಕುಕ್ಕಿದ ಸದ್ದು ಬರಬಹುದೆಂದು ಅವನು ಕಾದ. ಬರಲಿಲ್ಲ.

ಮರುದಿನ ನಾಲ್ಕಕ್ಕೆ ಬೆಂಚು ಒರೆಸಿ, ಫೋನು ಚಾರ್ಜ್ ಮಾಡಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ. “ಬಾರೇ. ಇವತ್ತು ಒಂದು ಪಂದ್ಯ ಗೆದ್ದುಕೊಡು. ಮಾನ ಉಳಿಯತ್ತೆ.”

“ನಿನ್ನೆ ಆಡಿದ್ದು ನಾನೇ ಅಲ್ವಾ?” ಅಂದಳು. “ನಂಗೆ ಬರೋದೇ ಅಷ್ಟು.”

“ತಪ್ಪಾಯ್ತು ಕಣೇ. ಏನೋ ಬಾಯಿ ಜಾರಿ ಬಂತು.”

“ಜಾರೋಕೆ ಅದೇನು ನೀವು ಮಾಡಿದ ಹಲ್ಲಿನ ಸೆಟ್ಟಾ?”

ಆ ಬೆಂಚಿನ ಮೇಲೆ ಅವಳು ಮತ್ತೆ ಕೂರಲಿಲ್ಲ.

ಶಿಲ್ಪಿ ಒಬ್ಬನೇ ಆಡಿದ, ಒಬ್ಬನೇ ಸತ್ತ. ಸತ್ತಾಗಲೆಲ್ಲ, “ಓಹೋ, ಇವತ್ತೂ ಅತ್ತಿಗೇನೇ” ಎಂದು ತಂಡ ನಗುತ್ತಿತ್ತು. ಮೈಕ್ ಹಾಕಿ, “ಲೋ, ನಾನೇ ಆಡ್ತಿರೋದು!” ಎಂದು ಗರ್ಜಿಸಿದರೆ, “ಅಣ್ಣ ಪಕ್ಕದಲ್ಲಿ ಕೂತು ಹೇಳಿಕೊಡ್ತಿದಾರೆ ಪಾಪ” ಅನ್ನುವರು. ಒಳ್ಳೆಯ ಬಂದೂಕು ಸಿಕ್ಕರೆ, “ಅತ್ತಿಗೆ, ಅದು ನಿಮಗೆ ಭಾರ” ಎಂದು ಕಿತ್ತುಕೊಳ್ಳುವರು. ಕೊನೆಗೆ ಔಷಧಿ ಚೀಲ ಹೊರಿಸಿ, ಗಾಯವಾದವರಿಗೆ ಪಟ್ಟಿ ಕಟ್ಟಲು ಹಚ್ಚಿದರು. ಎದುರಾಳಿಯೊಬ್ಬ ಯಾರಿಂದಲೋ ಸುದ್ದಿ ತಿಳಿದು, ಬೇರೆ ಎಲ್ಲರನ್ನೂ ಬಿಟ್ಟು, ಪ್ರೇಮಗೀತೆ ಹಾಡುತ್ತ ಇವನನ್ನೇ ಹುಡುಕಿಕೊಂಡು ಬರತೊಡಗಿದ. ಒಮ್ಮೆ ಆಟ ಮುಗಿದ ಮೇಲೆ ಬೇರೆಯಾಗಿ ಸಂದೇಶವನ್ನೂ ಕಳಿಸಿದ. ಅದರಲ್ಲಿದ್ದದ್ದನ್ನು ಓದಿ ಶಿಲ್ಪಿ ಫೋನು ಕವುಚಿಟ್ಟ. ಹೆಂಡತಿ ಹೇಳಲಾಗದೆ ಬಿಟ್ಟ ಆ ಮೂರನೆಯವನ ಮಾತು ಏನಿದ್ದಿರಬಹುದೆಂದು ಅವನಿಗೆ ಆಗ ಹೊಳೆಯಿತು. ಆ ಸಂಜೆ ಕೂರಿಸಿದ ಹಲ್ಲುಗಳೆಲ್ಲ ವಕ್ರವಾದವು.

ಹಟಕ್ಕೆ ಬಿದ್ದು ಒಂದು ತಿಂಗಳು ಅಭ್ಯಾಸ ಮಾಡಿದ. ಕಡೆಗೊಂದು ದಿನ, ಔಷಧಿ ಚೀಲ ಹೊತ್ತುಕೊಂಡೇ, ಮೂವರನ್ನು ಉರುಳಿಸಿ ಪಂದ್ಯ ಗೆದ್ದುಕೊಟ್ಟ.

“ಅತ್ತಿಗೆ ಅಂತ ಅವರೇ ಬಿಟ್ಟುಕೊಟ್ರು ಅನ್ಸತ್ತೆ” ಅಂದ ಕೊಡಲಿ.

“ಇರ್ಲಿ ಬಿಡೋ. ಹೆಂಗಸಾಗಿ ಇಷ್ಟು ಆಡಿದ್ದೇ ದೊಡ್ಡದು” ಅಂದ ಕ್ಯಾಪ್ಟನ್.

ಶಿಲ್ಪಿಗೆ ತಡೆಯಲಾಗಲಿಲ್ಲ. ಮೈಕ್ ಹಾಕಿ, “ಕೇಳ್ರೋ ಇಲ್ಲಿ. ಫೈನಲ್‌ನಲ್ಲಿ ಬಾವಿಗೆ ಬಿದ್ದವನು ನಾನು. ಅದಕ್ಕೆ ಮುಂಚೆ ನಿಮ್ಮನ್ನ ಗೆಲ್ಲಿಸ್ತಿದ್ದದ್ದು ನನ್ನ ಹೆಂಡ್ತಿ. ಒಂದೊಂದು ಪಂದ್ಯವೂ ಅವಳೇ. ನಾನು ಸುಳ್ಳು ಹೇಳಿದೆ” ಅಂದ.

ಕ್ಯಾಪ್ಟನ್ ಗದ್ಗದಿತನಾಗಿ ಹೇಳಿದ: “ನೋಡ್ರೋ. ಹೆಂಡ್ತಿ ಮರ್ಯಾದೆ ಉಳಿಸೋಕೆ ಅಣ್ಣ ಬಾವಿಗೆ ಬಿದ್ದದ್ದನ್ನೂ ತನ್ನ ಮೇಲೆ ಹಾಕ್ಕೊಂಡ್ರು! ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಅತ್ತಿಗೆ ನೀವು.”

ಎಲ್ಲರೂ ಚಪ್ಪಾಳೆ ತಟ್ಟಿದರು.

ಶಿಲ್ಪಿ ಫೋನು ಆರಿಸಿ ಒಳಗೆ ಹೋದ. ಹೆಂಡತಿ ಬಚ್ಚಲಿನ ಬಾಗಿಲಲ್ಲಿ ಉಪ್ಪುನೀರಿನ ಲೋಟ ಹಿಡಿದು ಗಂಟಲು ಮುಕ್ಕಳಿಸುತ್ತಿದ್ದಳು.

“ನಿಜ ಹೇಳಿಬಿಟ್ಟೆ ಕಣೇ. ನೀನೇ ಆಡಿದ್ದು ಅಂತ, ಎಲ್ಲರೆದುರಿಗೆ ಹೇಳಿದೆ” ಅಂದ. “ಎಷ್ಟು ಹೇಳಿದ್ರೂ ನಂಬಲ್ಲ ಅವರು. ಚೆನ್ನಾಗಿ ಆಡಿದ್ರೂ ನಂಬಲ್ಲ. ಬಾಯಿ ಬಿಟ್ರೆ ಸಾಕು, ನಗ್ತಾರೆ.”

ಅವಳು ಬಾಯಲ್ಲಿದ್ದ ನೀರು ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

“ಹೌದಾ?” ಅಂದಳು.

ಮತ್ತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ವಾಲಿಸಿ, ಮುಕ್ಕಳಿಸತೊಡಗಿದಳು.