ಕೇಬಲ್ ಡಬ್ಬಿ: ಇಡ್ಲೋ, ತಗೀಲೋ?

ಕೇಬಲ್ ಮಾಮಾನ ಧಂದೆಯನ್ನು ಮುಳುಗಿಸಿದ್ದು ಇಂಟರ್ನೆಟ್. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದ ಊರು ಉಟಗಿಯಲ್ಲಿ ಆಗ ಎಲ್ಲರೂ ನಂಬಿದ್ದು ಇದನ್ನೇ. ಎಂ.ಎ. ಮಾಡಿದ ನಾನು ಅದನ್ನು ಕಾರಣ ಸಮೇತ ನಂಬಿದ್ದೆ.

ನಮ್ಮ ಓಣಿಗೆ ಹೊಸದೇನು ಬಂದರೂ ಹಳೆಯದು ಸುಮ್ಮನೆ ಹೋಗುವುದಿಲ್ಲ, ನಾಲ್ಕು ಮನೆಯವರನ್ನು ನಗಿಸಿಯೇ ಹೋಗುತ್ತದೆ. ಟಿವಿಯಲ್ಲಿ ಆ್ಯಪ್ ಬಂದಾಗಲೂ ಹಾಗೇ ಆಯಿತು. ಇಪ್ಪತ್ತು ವರ್ಷ ಊರಿಗೆ ಕೇಬಲ್ ಕೊಟ್ಟ ಮಾಮಾ ಒಂದು ರವಿವಾರ ಏಣಿ, ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದರು.

"ಹತ್ತು ಮನಿ ಉಳದ್ರ ನಡಸ್ತೀನ್ರಿ ಸರ. ಇಲ್ಲಾಂದ್ರ ಬಂದ್ ಮಾಡಿ ಮಿರಜಿಗೆ ಮಗಳ ಕಡೆ ಹೋಗ್ತೀನಿ."

"ಈಗ ಎಷ್ಟು ಅದಾವ?"

"ಏಳು. ಮೂರು ನಿಮ್ಮ ಓಣ್ಯಾಗ ಸಿಗಬೇಕು."

ಅವರದು ಒಂದೇ ಪ್ರಶ್ನೆ: ಡಬ್ಬಿ ಇಡ್ಲೋ, ತಗೀಲೋ? ಏಣಿ ಹಿಡಿಯಲು ನಾನು.

೧. ಗೋಡೆಯ ಆಚೆ ಔಟು

ಮೊದಲು ಕಿರಾಣಿ ಅಂಗಡಿಯವರ ಮನೆ. ಅಣ್ಣ ತಮ್ಮ ಇಬ್ಬರು, ನಡುವೆ ಒಂದು ಗೋಡೆ. ಮಾತು ಬಿಟ್ಟು ಎರಡು ವರ್ಷ.

ಅಣ್ಣ ಆ್ಯಪಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. "ತಗೀರಿ ಮಾಮಾ, ಈಗ ಯಾರ ನೋಡ್ತಾರ ಕೇಬಲ್ಲು?" ಎಂದರು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ತಮ್ಮ ಕೂಗಿದ: "ಔಟ್!"

ಇಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಆ್ಯಪಿಗಿಂತ ಕೇಬಲ್ ಅರ್ಧ ನಿಮಿಷ ಮುಂದೆ. ಬೌಲರ್ ಓಡಿ ಬಂದ, ಚೆಂಡು ಹಾಕಿದ, ಔಟಾಯಿತು. ಅಣ್ಣ ರಿಮೋಟ್ ಕೆಳಗಿಟ್ಟರು.

ನಾವು ಅಣ್ಣನ ಡಬ್ಬಿ ಬಿಚ್ಚಿಕೊಂಡು ಆಚೆ ಹೋಗಿ ತಮ್ಮನನ್ನು ಕೇಳಿದೆವು: ಇಡ್ಲೋ, ತಗೀಲೋ?

"ಇಡ್ರಿ. ನಮ್ಮ ಅಣ್ಣನ ಜೋಡಿ ನಂದು ಮಾತಿರೂದ ಇಷ್ಟು."

ಎಂಟಾಯಿತು.

೨. ಅತ್ತಿ

ಮುಂದಿನ ಮನೆಯಲ್ಲಿ ಆಯಿ, ಎಂಬತ್ತರ ಮುದುಕಿ. ಸೊಸೆ ತಂದ ಹೊಸ ಟಿವಿಯ ರಿಮೋಟಿಗೆ ಬಾಯಿಂದ ಹೇಳಿದರೆ ಸಾಕು, ಹುಡುಕಿ ಕೊಡುತ್ತದೆ. ಆದರೆ ಟಿವಿ ಅಂಗಡಿಯವರು ಅದಕ್ಕೆ ಇಟ್ಟುಕೊಟ್ಟ ಭಾಷೆ ಮರಾಠಿ. ಆಯಿ ಮಾತಾಡುವುದು ಕನ್ನಡ.

"ಆಯಿ, ಡಬ್ಬಿ ಇಡ್ಲೋ, ತಗೀಲೋ?"

"ತಡಿಯೋ, ಇದನ್ನ ನೋಡು ಮೊದಲ." ಆಯಿ ರಿಮೋಟನ್ನು ಬಾಯಿಗೆ ತಂದು, ಪರವೂರಿನ ಬೀಗರ ಜೊತೆ ಮಾತಾಡುವ ಹಾಗೆ ಗೌರವದಿಂದ ಹೇಳಿದಳು: "ಅತ್ತಿದು ಹಚ್ರಿ."

ಅವಳಿಗೆ ಬೇಕಾದದ್ದು ಅತ್ತೆ ಸೊಸೆಯ ಧಾರಾವಾಹಿ. ರಿಮೋಟಿಗೆ ಕೇಳಿಸಿದ್ದು ಹತ್ತಿ. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಟಿವಿಯ ತುಂಬ ಆನೆ ಬಂದವು. ಒಂದು ದೊಡ್ಡ ಆನೆ ಕಿವಿ ಬೀಸುತ್ತ, ದಾರಿಯಲ್ಲಿದ್ದ ಗಿಡ ಕೆಡವುತ್ತ ನಡೆಯಿತು.

ಮಾಮಾ ನಕ್ಕರು. ಆಯಿ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಆನೆಯನ್ನೇ ನೋಡಿದಳು.

"ತಪ್ಪೇನಿಲ್ಲ ಬಿಡು. ನಮ್ಮತ್ತಿ ನಡಗೀನೂ ಹಿಂಗ ಇತ್ತು."

ಕೇಬಲ್ಲೂ ಇರಲಿ ಎಂದಳು. ಒಂಬತ್ತು.

೩. ಕೌದಿ

ಮೂರನೆಯ ಮನೆಯ ವೈನಿ ಅಂಗಳದಲ್ಲೇ ನಿಂತಿದ್ದರು. ಅವರ ಅಂಗಳದ ಮೇಲೆ ಅಡ್ಡ ಹಾದು ಹೋದ ಕೇಬಲ್ ವೈರಿನ ಮೇಲೆ ಎರಡು ಕೌದಿ ಒಣಗುತ್ತಿದ್ದವು.

"ಡಬ್ಬಿ ತಗೀರಿ ಮಾಮಾ. ವೈರ್ ಮುಟ್ಟಬ್ಯಾಡ್ರಿ."

"ಡಬ್ಬಿ ಇಲ್ಲದ ವೈರ್ ಯಾಕವಾ?"

"ಕೌದಿ ನಿಮ್ಮ ಮಗಳ ಮನ್ಯಾಗ ಒಣಗಿಸಲ್ಯಾ, ಮಿರಜಿನ್ಯಾಗ?"

ಮಾಮಾ ಡಬ್ಬಿ ತೆಗೆದರು. ಆಮೇಲೆ ಏಣಿ ಹಾಕಿ ಹತ್ತಿ, ಕೌದಿ ಭಾರಕ್ಕೆ ಜೋತು ಬಿದ್ದಿದ್ದ ವೈರನ್ನು ಎಳೆದು ಬಿಗಿಯಾಗಿ ಕಟ್ಟಿದರು.

"ಮಾಮಾ, ಕನೆಕ್ಷನ್ ಬಂದ್ ಆತಲ್ಲ, ಇನ್ನ್ಯಾಕ ಏಣಿ ಹತ್ತತೀರಿ?" ಎಂದೆ.

"ಕನೆಕ್ಷನ್ ಬಂದ್ ಸರ. ಸರ್ವಿಸ್ ಚಾಲೂ ಐತಿ."

೪. ನಾಲ್ಕು ಅಂಕಿ

ಉಳಿದದ್ದು ನಮ್ಮ ಮನೆ. ತೆಗೆಸುವುದು ಎಂದು ನಾನು ಮೊದಲೇ ನಿರ್ಧರಿಸಿದ್ದೆ. ಕಾಲ ಬದಲಾಗಿದೆ ಎಂದು ಎರಡು ಮಾತು ಕೂಡ ಸಿದ್ಧ ಮಾಡಿಕೊಂಡಿದ್ದೆ.

ನಾವು ಆ್ಯಪ್ ನೋಡುತ್ತಿದ್ದುದು ಕಿರಾಣಿ ಅಂಗಡಿಯ ಅಣ್ಣ ಹೇಳಿದ ಪಾಸ್‌ವರ್ಡಿನಲ್ಲಿ. ಅವರಿಗೆ ಹೇಳಿದ್ದು ಕೌದಿ ವೈನಿ, ವೈನಿಗೆ ಆಯಿಯ ಸೊಸೆ. ಅರ್ಧ ಓಣಿ ಅದರಲ್ಲೇ ನೋಡುತ್ತಿತ್ತು. ಮೂಲ ಯಾರದೆಂದು ಯಾರೂ ಕೇಳಿರಲಿಲ್ಲ. ಗುಡ್ಡಾಪುರದ ಗುಡಿಯ ಪ್ರಸಾದ ಯಾರು ಬೇಯಿಸಿದರೆಂದು ಕೇಳಿ ತಿನ್ನುತ್ತೇವೆಯೇ?

"ತಗೀರಿ ಮಾಮಾ," ಎಂದೆ. ಸಿದ್ಧ ಮಾಡಿದ ಎರಡು ಮಾತು ಬಿಟ್ಟು ಸ್ಟೂಲ್ ತಂದುಕೊಟ್ಟೆ. ಮಾಮಾ ಸ್ಟೂಲ್ ಹತ್ತಿ ಡಬ್ಬಿ ಬಿಚ್ಚತೊಡಗಿದರು.

ಅಷ್ಟರಲ್ಲಿ ಧಾರಾವಾಹಿ ನೋಡುತ್ತಿದ್ದ ನನ್ನ ಹೆಂಡತಿ ಕೂಗಿದಳು: "ಅಯ್ಯ, ಭಾಳ ಮಂದಿ ನೋಡಾಕತ್ತೀರಿ ಅಂತ ಹೊರಗ ಹಾಕ್ತು! ಒಟಿಪಿ ಕಳಿಸೇನಿ ಅಂತೈತಿ. ಯಾರಿಗೆ ಕಳಿಸ್ತೋ ಏನೋ!"

ಮಾಮಾನ ಅಂಗಿ ಕಿಸೆಯಲ್ಲಿ ಟಿಂಗ್ ಎಂದಿತು.

ಮಾಮಾ ಸ್ಟೂಲಿನ ಮೇಲೆಯೇ ನಿಂತು ಫೋನ್ ತೆಗೆದರು, ಚಾಳೀಸು ಕನ್ನಡಕ ಮೂಗಿಗೇರಿಸಿದರು. "ಬರಕೊಳ್ರಿ ಅಕ್ಕಾರ. ನಾಕು, ಏಳು, ಎರಡು, ಒಂಬತ್ತು."

ಹೆಂಡತಿ ಒತ್ತಿದಳು. ಧಾರಾವಾಹಿ ಮುಂದುವರಿಯಿತು. ಅದನ್ನು ಯಾರೂ ನೋಡಲಿಲ್ಲ.

"ಮಾಮಾ, ಇದು ನಿಮ್ಮ ಫೋನಿಗೆ ಯಾಕ ಬಂತು?"

"ಮಗಳು ಆ್ಯಪ್ ನನಗಂತ ಹಾಕಿಸಿ ಕೊಟ್ಟಾಳ್ರಿ."

"ಮತ್ತ ಓಣಿಗೆ?"

ಮಾಮಾ ಡಬ್ಬಿಯ ಧೂಳು ಒರೆಸಿದರು. "ಆಯಿ ಸೊಸಿ ಕೇಳಿದ್ಲ್ರಿ. ಇಪ್ಪತ್ತು ವರ್ಷ ಕನೆಕ್ಷನ್ ಕೇಳಿದವರಿಗೆ ಇಲ್ಲ ಅಂದಿಲ್ಲ. ಈಗ ಹೆಂಗ ಅನ್ನೂದು ಸರ?"

ಹೆಂಡತಿ ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಮಾಮಾನ ಕೈಯಿಂದ ಡಬ್ಬಿ ಇಸಿದುಕೊಂಡು, ಇದ್ದ ಜಾಗದಲ್ಲೇ ಇಟ್ಟಳು. ಹತ್ತಾಯಿತು.

"ಮಾಮಾ, ಇನ್ನ ಯಾರ ಕೇಳಿದ್ರೂ ಪಾಸ್‌ವರ್ಡ್ ಕೊಡಬ್ಯಾಡ್ರಿ."

"ಕೇಳವ್ರು ಯಾರೂ ಉಳದಿಲ್ಲ ಬಿಡ್ರಿ ಅಕ್ಕಾರ."

ಕೇಬಲ್ ಮಾಮಾನ ಧಂದೆಯನ್ನು ಮುಳುಗಿಸಿದ್ದು ಕೇಬಲ್ ಮಾಮಾ.