ಎಂಟನೆಯ ಬಿರಡೆ

ಉಗಿ ಇಂಜಿನ್ ರಿಪೇರಿ ಮಾಡುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಮ್ಮ ಮನೆಯ ಕುಕ್ಕರು ಸೀಟಿ ಹೊಡೆಯದೆ ಮುನಿಸಿಕೊಂಡಾಗಲೆಲ್ಲ ಅದರ ರಬ್ಬರು ಬದಲಿಸಿ ದಾರಿಗೆ ತರುವವನು ನಾನೇ. ಉಗಿ ಅಂದರೆ ಉಗಿ! ಅಕ್ಕಿ ಬೇಯಿಸಿದರೇನು, ಗಾಡಿ ಎಳೆದರೇನು!

ವಿಮಾ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಪುಣೆಯ ಯೆರವಡಾದ ನಮ್ಮ ನೆಲಮಹಡಿಯ ಮನೆಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎಂಬುದೇ ನನ್ನ ಹೆಂಡತಿ ಶಾಂತಾಳ ದೂರು. "ದಿನಾ ಸೋಫಾದ ಮ್ಯಾಲ ಕುಂತು ಕುಂತು ಸೋಫಾಕ್ಕೂ ನಿಮಗೂ ಫರಕ ಗೊತ್ತಾಗವಲ್ದು" ಎನ್ನುತ್ತಿದ್ದಳು. ಆ ಹೊತ್ತಿಗೆ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಕಣ್ಣಿಗೆ ಬಿತ್ತು. ಮುಚ್ಚಿಹೋದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ಎಳೆಯುತ್ತಿದ್ದ ಪುಟ್ಟ ಉಗಿ ಇಂಜಿನ್ನನ್ನು ಖರಾಡಿಯ ಆಚೆ ಒಂದು ತಗಡಿನ ಶೆಡ್ಡಿನಲ್ಲಿ ತಂದಿಟ್ಟಿದ್ದಾರೆ, ಅದಕ್ಕೆ ಮತ್ತೆ ಜೀವ ಕೊಡಲು ಭಾನುವಾರ ಭಾನುವಾರ ಕೆಲಸ ಮಾಡುವ ಉತ್ಸಾಹಿಗಳು ಬೇಕು ಎಂದಿತ್ತು. ನಾನು ಸೋಫಾದಿಂದ ಎದ್ದೆ.

ಶೆಡ್ಡಿನ ಯಜಮಾನಿಕೆ ಸಾಠೆ ಕಾಕಾ ಅವರದು. ಎಂಬತ್ತರ ಹತ್ತಿರದ ವಯಸ್ಸು, ಬೆಂಕಿಕಡ್ಡಿಯಂಥ ಮೈ, ಸುತ್ತಿಗೆಯಂಥ ಮಾತು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಕೆಲವು ವರ್ಷ ಹುಬ್ಬಳ್ಳಿಯಲ್ಲಿ ಇದ್ದುದರಿಂದ ಮರಾಠಿ ಬೆರೆತ ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ಅವರ ಬಲಗೈ ಮೇಘನಾ. ಮೈಸೂರಿನ ಹುಡುಗಿ, ಖರಾಡಿಯ ಐಟಿ ಕಂಪನಿಯೊಂದರಲ್ಲಿ ಎಂಜಿನಿಯರು. ವಾರವೆಲ್ಲ ಲ್ಯಾಪ್‌ಟಾಪು, ಭಾನುವಾರ ಕೈತುಂಬ ಗ್ರೀಸು.

"ಹಿರೇಮಠರs, ಇಂಜಿನ್ ಕೆಲಸ ಏನರ ಗೊತ್ತದ ಏನ್ರಿ?" ಎಂದು ಕಾಕಾ ಕೇಳಿದರು.

ಕುಕ್ಕರಿನ ಸಂಗತಿ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ನಾಲಿಗೆ ನನ್ನನ್ನು ಕೇಳದೆ ಹೊರಟುಬಿಟ್ಟಿತು. "ನಮ್ಮ ಅಜ್ಜ ಉಗಿಬಂಡಿ ಡ್ರೈವರ್ ಇದ್ರರಿ!"

ಕಾಕಾ ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಹೊಳೆಯಿತು. ಡ್ರೈವರನ ಮೊಮ್ಮಗನಿಗೆ ಗೌರವದ ಕೆಲಸವೇ ಸಿಗಬೇಕಲ್ಲ? ಇಂಜಿನ್ನಿನ ಬೆಂಕಿ ಉರಿಯುವ ಗೂಡು, ಅಂದರೆ ಫೈರ್‌ಬಾಕ್ಸ್ ಒಳಗೆ ಇಳಿದು ತುಕ್ಕು ಕೆರೆಯುವ ಕೆಲಸ ಸಿಕ್ಕಿತು!

ಕಲ್ಲಿದ್ದಲು ಹಾಕುವ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಆ ಬಾಗಿಲು ಕಲ್ಲಿದ್ದಲಿಗೆ ಮಾಡಿದ್ದು, ನಿವೃತ್ತ ಗುಮಾಸ್ತರಿಗಲ್ಲ. ತಲೆ ಹೋಯಿತು, ತೋಳು ಹೋದವು, ಹೊಟ್ಟೆ ಅಲ್ಲೇ ನಿಂತಿತು. ಮುಂದೆ ಹೋಗಲೊಲ್ಲದು, ಹಿಂದೆ ಬರಲೊಲ್ಲದು. ಒಳಗೆ ಕಗ್ಗತ್ತಲೆ. ಹೊರಗೆ ನನ್ನ ಕಾಲುಗಳು ಏನು ಮಾಡುತ್ತಿವೆ ಎಂಬುದೂ ತಿಳಿಯುತ್ತಿರಲಿಲ್ಲ.

"ಅಂಕಲ್, ಪ್ಯಾನಿಕ್ ಆಗ್ಬೇಡಿ! ಉಸಿರು ಹೊರಗೆ ಬಿಡಿ!" ಎಂದು ಮೇಘನಾ ಕೂಗಿದಳು.

ಬಿಟ್ಟೆ. ಎದುರಿಗಿದ್ದ ಮಸಿಯೆಲ್ಲ ಎದ್ದು ನನ್ನ ಮುಖಕ್ಕೆ ಬಂತು. ಕೊನೆಗೆ ಹೊಟ್ಟೆಯ ಸುತ್ತ ಗ್ರೀಸು ಸವರಿ, ಒಬ್ಬೊಬ್ಬರು ಒಂದೊಂದು ಕಾಲು ಹಿಡಿದು ಎಳೆದು ನನ್ನನ್ನು ಲೋಕಕ್ಕೆ ಮರಳಿ ತಂದರು.

ಮನೆಗೆ ಬಂದು ಶಾಂತಾಳಿಗೆ ಎಲ್ಲವನ್ನೂ ಶುದ್ಧ ಕನ್ನಡದಲ್ಲೇ ವರದಿ ಮಾಡಿದೆ. "ಇವತ್ತ ನಾ ಬೆಂಕಿಪೆಟ್ಟಿಗಿಯೊಳಗ ಸಿಕ್ಕೊಂಡಿದ್ದೆ." ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಮುಂದಿನ ವಾರದಿಂದ ನನ್ನನ್ನು ಹಿತ್ತಾಳೆ ಉಜ್ಜುವ ಕೆಲಸಕ್ಕೆ ಹಾಕಿದರು. ಬಾಯ್ಲರಿನೊಳಗಿನ ಕೆಸರು ತೊಳೆಯಲು ಅದರ ಮೈಯಲ್ಲಿ ಎಂಟು ರಂಧ್ರಗಳಿದ್ದವು. ಒಂದೊಂದಕ್ಕೂ ಒಂದೊಂದು ದಪ್ಪನೆಯ ಹಿತ್ತಾಳೆ ಬಿರಡೆ. ಹಿಂದಿನ ಕಾಲದವರು ಕೈಯಿಂದಲೇ ತಿರುಪಿನ ಹಲ್ಲು ಕೊರೆದು ಮಾಡಿದ್ದು. ಹೀಗಾಗಿ ಒಂದು ರಂಧ್ರದ ಬಿರಡೆ ಇನ್ನೊಂದಕ್ಕೆ ಹತ್ತುವುದಿಲ್ಲ. "ಇವು ನನ್ನ ಎಂಟು ಮಕ್ಕಳು" ಎಂದು ಕಾಕಾ ನನ್ನ ಮುಂದಿಟ್ಟರು. "ಮುಂದಿನ ಐತವಾರ ಬಾಯ್ಲರ್ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಬಾಯ್ಲರಿನ್ಯಾಗ ನೀರು ತುಂಬಿ, ಪಂಪ್ ಹೊಡೆದು, ಒತ್ತಡ ಪರೀಕ್ಷಾ ಮಾಡ್ತಾರ. ಅದ್ರಾಗ ಪಾಸಾದ್ರ ಮಾತ್ರ ಬೆಂಕಿ ಹಾಕಲಿಕ್ಕೆ ಪರವಾನಗಿ. ಇವನ್ನ ಇಲ್ಲೇ ಕುಂತು ಒರಸ್ರಿ."

ಇಲ್ಲೇ ಕುಂತು ಎಂದರು. ಸ್ಪಷ್ಟವಾಗಿಯೇ ಎಂದರು. ಆದರೆ ಹಿತ್ತಾಳೆಗೆ ಹುಣಸೆಹಣ್ಣಿನಂಥ ಮದ್ದಿಲ್ಲ, ಹುಣಸೆಹಣ್ಣು ಇರುವುದು ನಮ್ಮ ಅಡುಗೆಮನೆಯಲ್ಲಿ. ಎಲ್ಲರನ್ನೂ ಬೆರಗುಗೊಳಿಸುವ ಆಸೆಯಿಂದ ಎಂಟೂ ಬಿರಡೆಗಳನ್ನು ಯಾರಿಗೂ ಹೇಳದೆ ಊಟದ ಚೀಲಕ್ಕೆ ಸೇರಿಸಿಕೊಂಡು ಮನೆಗೆ ಬಂದೆ.

ಆಗ ನಮ್ಮ ಮನೆಗೆ ಗದಗಿನಿಂದ ಅತ್ತೆಯವರು ಬಂದಿದ್ದರು. ಮೊದಲ ಸಲ ಪುಣೆ ನೋಡುತ್ತಿದ್ದರು. ಅಳಿಯ ಐದು ದಿನ ವರಾಂಡದಲ್ಲಿ ಕುಳಿತು ಹುಣಸೆಹಣ್ಣು, ಬೂದಿ ಹಾಕಿ ಬಿರಡೆ ತಿಕ್ಕುವುದನ್ನು ನೋಡಿ ಅವರಿಗೆ ಕರುಳು ಚುರ್ರೆಂದಿತು. "ಯಪ್ಪಾ, ಆಫೀಸರ್ ಆಗಿದ್ದಾಂವ ಪಾತ್ರಿ ತಿಕ್ಕೂ ಹಂಗಾತಲ್ಲ" ಎಂದು ಮಗಳ ಮುಂದೆ ಮರುಗಿದರಂತೆ. ಶನಿವಾರದ ಹೊತ್ತಿಗೆ ಎಂಟೂ ಬಿರಡೆಗಳು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದ್ದವು. ನಾನು ಹೆಮ್ಮೆಯಿಂದ ಕಾಯಿಪಲ್ಲೆ ತರಲು ಹೋದೆ.

ಬಂದು ನೋಡುತ್ತೇನೆ, ವರಾಂಡದಲ್ಲಿ ಬಿರಡೆಗಳಿಲ್ಲ! ಅವುಗಳ ಜಾಗದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇತ್ತು.

"ಅತ್ತಿಯವರ, ಇಲ್ಲಿದ್ದ ಹಿತ್ತಾಳಿ ಸಾಮಾನು?"

"ಚಿಂತಿ ಮಾಡಬ್ಯಾಡ್ರಿ. ಬಂಗಾರದಾಂವಗ ಕೊಟ್ಟೇನಿ."

"ಯಾವ ಬಂಗಾರದಾಂವ?"

"ಗಾಡಿ ತಳ್ಳಕೋತ 'ಬಂಗಾರ, ಬಂಗಾರ' ಅಂತ ಒದರಿಕೋತ ಬಂದಿದ್ದ. ನಮ್ಮ ಕಡೆ ಬಂಗಾರಕ್ಕ ಮೆರುಗು ಹಾಕಾವ್ರು ಬರೂದಿಲ್ಲೇನು, ಹಂಗ. ಅಳಿಯಂದಿರು ಭಾಳ ದಣದಾರ, ಇವಕ್ಕೊಂದಿಷ್ಟು ಮೆರುಗು ಹಾಕಿ ತಗೊಂಡ್ ಬಾ ಅಂದೆ. 'ಹೋ ಹೋ' ಅಂದ. ಪ್ರಾಮಾಣಿಕ ಮನಶ್ಯಾ. ಗುರುತಿಗಂತ ಈ ಬಕೆಟ್ ಇಟ್ಟು ಹೋಗ್ಯಾನ!"

ನನ್ನ ಕೈಯಲ್ಲಿದ್ದ ಬದನೆಕಾಯಿಗಳು ನೆಲಕ್ಕೆ ಉರುಳಿದವು. ಪುಣೆಯ ಬೀದಿಯಲ್ಲಿ 'ಭಂಗಾರ್' ಎಂದು ಕೂಗುವವನು ಬಂಗಾರದವನಲ್ಲ. ಮರಾಠಿಯಲ್ಲಿ ಭಂಗಾರ್ ಅಂದರೆ ಗುಜರಿ! ಬಕೆಟ್ಟು ಗುರುತಿಗಲ್ಲ, ಹಿತ್ತಾಳೆಗೆ ಅವನು ಕಟ್ಟಿದ ಬೆಲೆ!

ಸ್ಕೂಟರ್ ಹತ್ತಿದೆ. ಬಕೆಟ್ಟನ್ನು ಸಾಕ್ಷಿಗಾಗಿ ಮುಂದೆ ಸಿಕ್ಕಿಸಿಕೊಂಡೆ. ಯೆರವಡಾದ ಓಣಿ ಓಣಿ ತಿರುಗಿ, ನಾಲ್ಕನೆಯ ಗುಜರಿ ಅಂಗಡಿಯಲ್ಲಿ ಆ ಗಾಡಿಯವನನ್ನು ಹಿಡಿದೆ. ಅಂಗಡಿಯ ಮಾಲೀಕ ಕುರ್ಚಿಯಿಂದ ಏಳಲಿಲ್ಲ. ಎದುರಿಗಿದ್ದ ರಾಶಿಯ ಕಡೆ ಗದ್ದ ಎತ್ತಿ ತೋರಿಸಿದ. ನಾನು ಮೊಣಕಾಲೂರಿ ಹುಡುಕತೊಡಗಿದೆ. ಹಳೆಯ ನಲ್ಲಿ, ಮುರಿದ ಫ್ಯಾನು, ಯಾರದೋ ಸಮಾರಂಭದ ಸನ್ಮಾನದ ಫಲಕ. ಒಂದು ಬಿರಡೆ ಸಿಕ್ಕಿತು. ಎರಡು. ಐದು. ಏಳು!

ಎಂಟನೆಯದು?

"ಥೋಡಂ ಪಿತಳ ಆತ್ತಾಚ್ ಟ್ರಕ್‌ಮಧೇ ಗೇಲಂ" ಎಂದ ಮಾಲೀಕ. ಒಂದಿಷ್ಟು ಹಿತ್ತಾಳೆ ಆಗಲೇ ಲಾರಿ ಹತ್ತಿ ಹೋಗಿತ್ತು. ಎಲ್ಲಿಗೆ? ಕರಗಿಸುವ ಭಟ್ಟಿಗೆ. ಯಾವ ಭಟ್ಟಿ? ಅವನಿಗೆ ತಿಳಿಯದು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವನು ನನ್ನ ಸ್ಕೂಟರನ್ನು ಮೇಲಿಂದ ಕೆಳಗೆ ನೋಡಿ, "ಹೀ ಪಣ್ ದ್ಯಾಯ್ಚೀ ಕಾ?" ಎಂದು ವಿಚಾರಿಸಿದ. ಇದನ್ನೂ ಗುಜರಿಗೆ ಕೊಡುತ್ತೀರಾ ಎಂದು!

ಈ ಹಂತದಲ್ಲಿ ಒಬ್ಬ ಸಭ್ಯ ಮನುಷ್ಯ ಏನು ಮಾಡಬೇಕಿತ್ತು? ಸಾಠೆ ಕಾಕಾಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕಿತ್ತು. ಮಾಡಿದೆ ಕೂಡ. ಅವರು ಎತ್ತಿದ ಕೂಡಲೇ, "ಹಿರೇಮಠರs, ನಮ್ಮ ಮಕ್ಕಳು ಆರಾಮ ಇದ್ದಾರಲ್ಲ? ಶೆಡ್ಡಿನ್ಯಾಗ ಇರಲಿಲ್ಲ, ನೀವs ಒಯ್ದಿರಬೇಕಂತ ತಿಳಕೊಂಡೆ. ಡ್ರೈವರನ ಮೊಮ್ಮಗ, ಜ್ವಾಪಾನ ಇಟ್ಟಿರ್ತಾರ ಅಂತ ಬಿಟ್ಟೆ" ಎಂದರು.

"ಹೌದ್ರಿ ಕಾಕಾ. ಎಲ್ಲಾರೂ ಆರಾಮ" ಎಂದೆ.

ಸಂಜೆ ಅಡುಗೆಮನೆಯಲ್ಲಿ ನಿಂತು ಯೋಚಿಸುತ್ತಿರುವಾಗ ಲಟ್ಟಣಿಗೆ ಕಣ್ಣಿಗೆ ಬಿತ್ತು. ನಡುವೆ ದಪ್ಪ, ತುದಿಯಲ್ಲಿ ಸಣ್ಣ. ಕಳೆದುಹೋದ ಬಿರಡೆಯ ಆಕಾರವೂ ಅದೇ! ನನಗೆ ರೋಮಾಂಚನವಾಯಿತು. ತುದಿಯನ್ನು ಗರಗಸದಿಂದ ಕತ್ತರಿಸಿ, ಚಾಕುವಿನಿಂದ ಕೆತ್ತಿ, ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ, ಮೇಲ್ಭಾಗಕ್ಕೆ ಗಣಪತಿ ಮಂಟಪಕ್ಕೆಂದು ತಂದಿದ್ದ ಬಂಗಾರದ ಬಣ್ಣ ಬಳಿದೆ. ನಿಜವಾದ ಬಿರಡೆಗಳಿಗಿಂತ ಚೆಂದ ಕಾಣುತ್ತಿತ್ತು.

"ರೀ, ಲಟ್ಟಣಗಿ ಎಲ್ಲೆದ?" ಎಂದು ಶಾಂತಾ ಕೂಗಿದಳು.

"ನನಗೇನ ಗೊತ್ತು?"

"ಹೋಗ್ಲಿ ಬಿಡ್ರಿ, ರೊಟ್ಟಿ ಬಡೀತೇನಿ."

ಕೈಯಿಂದ ಬಡಿಯುವ ಜೋಳದ ರೊಟ್ಟಿಯನ್ನು ಕಂಡುಹಿಡಿದ ಪೂರ್ವಜರಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಹೋದೆ. ಏಳು ಬಿರಡೆಗಳನ್ನು ಅವುಗಳ ಜಾಗದಲ್ಲಿ ತಿರುಗಿಸಿದೆ. ಎಂಟನೆಯದನ್ನು ಕೆಳಗಿನ ಹಿಂಬದಿಯ ಮೂಲೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಕಾಕಾ ಬಂದು ಏಳನ್ನೂ ಸ್ಪ್ಯಾನರಿನಿಂದ ತಿರುವಿ ಪರೀಕ್ಷಿಸಿದರು. ಎಂಟನೆಯದನ್ನು ನೋಡಲು ಬಗ್ಗಬೇಕು. ಮೊಣಕಾಲು ನೋವು. ನನ್ನ ಮುಖ ನೋಡಿದರು.

"ಬಿಗಿ ಅದ ಏನ್ರಿ?"

"ಬಂಡಿಗಲ್ಲಿನಂಗ ಅದರಿ!"

ಅವರು ನಂಬಿದರು. ಅದೇ ನನಗೆ ಇವತ್ತಿಗೂ ಚುಚ್ಚುವ ಸಂಗತಿ.

ಇನ್ಸ್‌ಪೆಕ್ಟರ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಬಾಯ್ಲರಿಗೆ ಕುತ್ತಿಗೆಯವರೆಗೆ ನೀರು ತುಂಬಿದ್ದಾಯಿತು. ಮೇಘನಾ ಕೈಪಂಪು ಒತ್ತತೊಡಗಿದಳು. ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರಿತು. ಅದರ ಜೊತೆ ನನ್ನ ರಕ್ತದೊತ್ತಡವೂ. ಸಾಹೇಬರು ಟಾರ್ಚು ಹಿಡಿದು ಎಲ್ಲಿ ನೀರು ಜಿನುಗುತ್ತದೆ ಎಂದು ಒಂದೊಂದೇ ಬಿರಡೆ ನೋಡುತ್ತ ಬಂದರು. ಒಂದು, ಎರಡು, ಮೂರು...

"ಸಾಹೇಬ್, ಚಹಾ ಘ್ಯಾ!" ಎಂದೆ.

"ನಂತರ್."

ನಾಲ್ಕು, ಐದು, ಆರು.

"ಸಾಹೇಬ್, ಬಿಸ್ಕೀಟ್ ಘ್ಯಾ!"

"ಅಂಕಲ್, ಏನಾಯ್ತು ನಿಮಗೆ? ಸುಮ್ನಿರಿ, ಅವರು ಚೆಕ್ ಮಾಡ್ತಿದಾರೆ" ಎಂದು ಮೇಘನಾ ಗದರಿದಳು. ಗದರುತ್ತಲೇ ಪಂಪನ್ನು ಇನ್ನೆರಡು ಸಲ ಒತ್ತಿದಳು.

ಸಾಹೇಬರು ಎಂಟನೆಯದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತರು. ಟಾರ್ಚು ಬಿಟ್ಟರು. "ಹೇ ಫಾರಚ್ ಚಮಕತಂಯ್..." ಎಂದು ಅದರ ಹೊಳಪನ್ನು ಮೆಚ್ಚುತ್ತ ಮುಖ ಹತ್ತಿರ ತಂದರು. ನಾನು ಕಿರುಚಿದೆ. ಅವರು ಗಾಬರಿಯಿಂದ ನನ್ನ ಕಡೆ ತಿರುಗಿದರು.

ಠಪ್!

ಲಟ್ಟಣಿಗೆ ಅವರ ಕಿವಿಯ ಪಕ್ಕದಿಂದ ಹಾರಿ ತಗಡಿನ ಗೋಡೆಗೆ ಬಡಿಯಿತು. ಅದರ ಹಿಂದೆಯೇ ತುಕ್ಕು ಬಣ್ಣದ ನೀರಿನ ಧಾರೆ! ಸಾಹೇಬರು ಕುಳಿತಲ್ಲೇ ಹಿಂದಕ್ಕೆ ಉರುಳಿದರು. ಬಿಳಿ ಅಂಗಿ ಒಂದೇ ಕ್ಷಣದಲ್ಲಿ ಕಾವಿಯಾಯಿತು. ಮೇಘನಾಳ ಕೈ ಪಂಪಿನ ಮೇಲೆಯೇ ಕಲ್ಲಾಗಿತ್ತು.

ಸಾಹೇಬರು ಎದ್ದು, ಗೋಡೆಯ ಬಳಿ ಬಿದ್ದಿದ್ದ ವಸ್ತುವನ್ನು ಎತ್ತಿ, ಬಣ್ಣವನ್ನು ಉಗುರಿನಿಂದ ಕೆರೆದರು.

"ಹೇ ತರ್ ಲಾಟಣಂ ಆಹೇ!"

ಎಲ್ಲರೂ ಲಟ್ಟಣಿಗೆಯನ್ನು ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಯಾರೂ ನಗಲಿಲ್ಲ.

ಸಾಠೆ ಕಾಕಾ ನಿಧಾನವಾಗಿ ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ಕಾದೆ. ಅವರ ದನಿ ತೀರ ಸಣ್ಣಗಿತ್ತು. "ಹಿರೇಮಠರs, ಇವತ್ತ ಒಳಗ ತಣ್ಣೀರಿತ್ತು. ಉಗಿ ಇದ್ದಿದ್ರ? ಆ ಮನಶ್ಯಾನ ಮಾರಿ ಉಳೀತಿತ್ತೇನ್ರಿ? ಆ ಮೂಲಿಯಾಗ ಈ ಹುಡುಗಿ ಕುಂತಿದ್ರ?"

ಅಲ್ಲೇ ಇದ್ದ ಹಳಿಯ ಮೇಲೆ ಕುಳಿತುಬಿಟ್ಟೆ. ಅಲ್ಲಿಯವರೆಗೆ ನಾನು ಹೆದರಿದ್ದು ಸಿಕ್ಕಿಬೀಳುವೆನೆಂದು ಮಾತ್ರ. ಯಾರಿಗಾದರೂ ಸುಟ್ಟೀತು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ! ಎಲ್ಲವನ್ನೂ ಹೇಳಿಬಿಟ್ಟೆ. ಹುಣಸೆಹಣ್ಣು, ಅತ್ತೆ, ಭಂಗಾರ್, ಬಕೆಟ್, ಲಟ್ಟಣಿಗೆ. ಹೇಳುತ್ತ ಹೇಳುತ್ತ ಅಜ್ಜನನ್ನೂ ಹೇಳಿದೆ.

"ನಮ್ಮ ಅಜ್ಜ ಡ್ರೈವರ್ ಅಲ್ಲರಿ ಕಾಕಾ. ಪಾರ್ಸಲ್ ಆಫೀಸಿನ್ಯಾಗ ಕಾರಕೂನ ಇದ್ರು."

ಕಾಕಾ ಸಾಹೇಬರ ಕೈಯಿಂದ ಲಟ್ಟಣಿಗೆ ಇಸಿದುಕೊಂಡು ನನ್ನ ಊಟದ ಚೀಲಕ್ಕೆ ಹಾಕಿದರು. ಆಮೇಲೆ ಅಂದರು: "ಪಾರ್ಸಲ್ ಆಫೀಸದವ್ರು ಭಾಳ ಛಲೋ ಮಂದಿ. ಸಾಮಾನು ಕಳದ್ರ, ಕಳದದ ಅಂತ ಬರದಾದ್ರೂ ಕೊಡ್ತಿದ್ರು."

ಪರೀಕ್ಷೆ ಮುಂದಕ್ಕೆ ಹೋಯಿತು. ಕಾಕಾ ನೋಯುವ ಮೊಣಕಾಲು ಊರಿ ಆ ರಂಧ್ರದ ಅಳತೆ ತೆಗೆದರು. ಪರಿಚಯದ ಲೇತ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು, ಎರಡು ಸಲ ಕೆಟ್ಟು ಮೂರನೆಯ ಸಲಕ್ಕೆ ಹೊಸ ಬಿರಡೆ ಮಾಡಿಸಿದರು. ಮುಂದಿನ ತಿಂಗಳು ಅದೇ ಸಾಹೇಬರು ಮತ್ತೆ ಬಂದರು. ಈ ಸಲ ಖಾಕಿ ಬಣ್ಣದ ಅಂಗಿ ಹಾಕಿಕೊಂಡಿದ್ದರು. ನಾನು ಗೇಟಿನ ಹೊರಗೆ ನಿಲ್ಲಬೇಕೆಂದು ಅವರದೇ ಷರತ್ತು. ನಿಂತೆ. ಒಳಗಿನಿಂದ ಚಪ್ಪಾಳೆ ಕೇಳಿದಾಗ ಹೊರಗೆ ಒಬ್ಬನೇ ಚಪ್ಪಾಳೆ ತಟ್ಟಿದೆ.

ಬೆಂಕಿ ಹಾಕಿದ ದಿನ ಶಾಂತಾ, ಅತ್ತೆಯವರು ಇಬ್ಬರೂ ಬಂದಿದ್ದರು. ಆ ಪುಟ್ಟ ಇಂಜಿನ್ನು ಒಮ್ಮೆ ಉಸಿರು ಬಿಟ್ಟು, ಮೈ ನಡುಗಿಸಿ, ಶೆಡ್ಡಿನಿಂದ ತಾನೇ ಹೊರಗೆ ಬಂದಾಗ ಸಾಠೆ ಕಾಕಾ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದರು. ನನಗೆ ಮಾತೇ ಹೊರಡಲಿಲ್ಲ. ಒಳ್ಳೆಯದೇ ಆಯಿತು ಎಂದಳು ಶಾಂತಾ.

ನಾನು ಈಗಲೂ ಭಾನುವಾರ ತಪ್ಪದೆ ಹೋಗುತ್ತೇನೆ. ಕಸ ಗುಡಿಸುತ್ತೇನೆ, ಚಹಾ ಕೊಡುತ್ತೇನೆ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೇನೆ. ಸಂಜೆ ಎಲ್ಲರೂ ಕೈಬೀಸಿ ಹೊರಡುತ್ತಾರೆ. ನನ್ನನ್ನು ಮಾತ್ರ ಕಾಕಾ ಬಾಗಿಲಲ್ಲಿ ನಿಲ್ಲಿಸಿ, ಊಟದ ಡಬ್ಬಿಯ ಮುಚ್ಚಳದವರೆಗೆ ಬಿಚ್ಚಿ ನೋಡಿ ಬಿಡುತ್ತಾರೆ. ಮನೆಗೆ ಬಂದ ಮೇಲೆ ಶಾಂತಾ ಮತ್ತೊಮ್ಮೆ ನೋಡುತ್ತಾಳೆ.